ಬಿಸಿಲು ನುಂಗುವ ಗಾಜು

ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಒಂದು ಕೋಣೆ ಕಟ್ಟಿ. ನಾಲ್ಕು ಗೋಡೆ, ಒಂದು ಕಿಟಕಿ, ಹೊರಗೆ ಸೂರ್ಯ. ಚಿತ್ರ ಮೂಡಿಸುವ ರೆಂಡರ್ ಒತ್ತಿದರೆ ನೆಲದ ಮೇಲೆ ಬಿಸಿಲು ಚೌಕವಾಗಿ ಬಂದು ಕೂರುತ್ತದೆ. ಈಗ ಆ ಕಿಟಕಿಗೆ ಗಾಜು ಕೂರಿಸಿ. ಅಪ್ಪಟ ತಿಳಿ ಗಾಜು, ಒಂದು ಕಲೆಯೂ ಇಲ್ಲದ್ದು. ಮತ್ತೆ ರೆಂಡರ್ ಮಾಡಿ. ಬಿಸಿಲು ಮಾಯ! ಕೋಣೆಯೆಲ್ಲ ಮಬ್ಬು, ಅಲ್ಲಲ್ಲಿ ಉಪ್ಪು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು.

ಬೆಳಕು ಹೋಯಿತೆಲ್ಲಿಗೆ? ಇಲ್ಲಿಂದಲೇ ಶುರುವಾಗುತ್ತದೆ ಬೆರಗು. ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್ ಬೆಳಕನ್ನು ತಿರುಗುಮುರುಗಾಗಿ ಹಿಂಬಾಲಿಸುತ್ತದೆ. ಕಿರಣ ಕ್ಯಾಮೆರಾದಿಂದ ಹೊರಟು ನೆಲಕ್ಕೆ ತಾಗುತ್ತದೆ, ಅಲ್ಲಿಂದ ಸೂರ್ಯನ ಕಡೆಗೊಂದು ನೇರ ಗೆರೆ ಎಳೆದು 'ನಡುವೆ ಏನಾದರೂ ಅಡ್ಡ ಇದೆಯಾ?' ಎಂದು ಕೇಳುತ್ತದೆ. ಇದೆಯಲ್ಲ, ಗಾಜು! ಗಾಜು ಕಿರಣವನ್ನು ಬಾಗಿಸುವುದರಿಂದ ಆ ನೇರ ಗೆರೆ ಲೆಕ್ಕಕ್ಕಿಲ್ಲ, ಹಾಗಾಗಿ ನೆರಳು. ಉಳಿದದ್ದು ಅದೃಷ್ಟದ ದಾರಿ. ನೆಲದಿಂದ ಎತ್ತಲೋ ಚಿಮ್ಮಿದ ಕಿರಣ ಗಾಜಿನಲ್ಲಿ ತೂರಿ ಸೂರ್ಯನಿಗೇ ಹೋಗಿ ತಗಲಬೇಕು. ಸೂರ್ಯನೋ ನಮಗೆ ಕಾಣುವುದು ಅರ್ಧ ಡಿಗ್ರಿ ಅಗಲ, ಆಕಾಶದ ಅರೆಗೋಳದಲ್ಲಿ ಸುಮಾರು 90,000ಕ್ಕೆ ಒಂದು ಪಾಲು! ಅಪ್ಪಿತಪ್ಪಿ ತಗಲಿದ ಕಿರಣ, ಗುರಿ ತಪ್ಪಿದವುಗಳ ಬೆಳಕನ್ನೂ ತಾನೊಂದೇ ಹೊತ್ತು ತರುತ್ತದೆ. ಆ ಬಿಳಿ ಚುಕ್ಕೆ ಅದೇ. ರೆಂಡರಿಂಗ್‌ನವರ ಬಾಯಲ್ಲಿ ಫೈರ್‌ಫ್ಲೈ.

ಪರಿಹಾರ ಒಂದು ಸುಳ್ಳು. ಗಾಜಿನ ಮೆಟೀರಿಯಲ್‌ಗೆ ಲೈಟ್ ಪಾತ್ ನೋಡ್ ಹಾಕಿ, ನೆರಳು ಹುಡುಕುವ ಕಿರಣಕ್ಕೆ ಮಾತ್ರ 'ಇಲ್ಲಿ ಗಾಜೇ ಇಲ್ಲ' ಎಂದು ಹೇಳಿಬಿಡುವುದು. ಬಿಸಿಲು ವಾಪಸ್! ಅದಕ್ಕಿಂತ ಸೋಜಿಗವೆಂದರೆ ಈ ಸುಳ್ಳು ಹೆಚ್ಚುಕಡಿಮೆ ನಿಜ. ಚಪ್ಪಟೆ ಗಾಜಿನೊಳಗೆ ಹೋಗುವಾಗ ಎಷ್ಟು ಬಾಗಿತೋ ಹೊರಬರುವಾಗ ಅಷ್ಟೇ ಮರಳಿ ಬಾಗಿ, ಕಿರಣ ಮೊದಲಿನ ದಿಕ್ಕಿನಲ್ಲೇ ಮುಂದುವರಿಯುತ್ತದೆ.

ಲೋಟದಲ್ಲಿ ನೀರು ತುಂಬಿಸಹೊರಟರೆ ಇನ್ನೊಂದು ಪೇಚು. ನೀರಿನ ಆಕಾರ ಗಾಜಿಗೆ ತಾಗದೆ ನೂಲಿನಷ್ಟು ಜಾಗ ಬಿಟ್ಟಿದ್ದರೂ ಲೋಟದ ಗೋಡೆಯಲ್ಲಿ ಬೆಳ್ಳಿ ಹೊಳಪು ಕಾಣಿಸಿಕೊಂಡು, ನೀರು ಒಳಗೆಲ್ಲೋ ಬೇರೆಯೇ ನಿಂತಂತಾಗುತ್ತದೆ. ಕಾರಣ ತಿಳಿಯಲು ಕಂಪ್ಯೂಟರ್ ಬಿಟ್ಟು ಅಡುಗೆಮನೆಗೆ ನಡೆಯಿರಿ. ನೀರು ತುಂಬಿದ ಗಾಜಿನ ಲೋಟ ಹಿಡಿದು, ಮೇಲಿನಿಂದ ನೀರಿನ ಮೂಲಕ ಪಕ್ಕದ ಗೋಡೆಯನ್ನು ಓರೆಯಾಗಿ ನೋಡಿ. ಗೋಡೆ ಕನ್ನಡಿಯಾಗಿದೆ, ಆಚೆ ಹಿಡಿದಿರುವ ನಿಮ್ಮ ಬೆರಳೇ ಕಾಣುತ್ತಿಲ್ಲ! ಈಗ ಬೆರಳು ಒದ್ದೆ ಮಾಡಿ ಬಲವಾಗಿ ಒತ್ತಿ. ಬೆರಳಚ್ಚಿನ ಗೆರೆಗಳು ಒಂದೊಂದಾಗಿ ಮೂಡುತ್ತವೆ! ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.5, ಅದರೊಳಗಿನ ಬೆಳಕು ಗಾಳಿಯ ಎಲ್ಲೆಗೆ ಸುಮಾರು 42 ಡಿಗ್ರಿಗಿಂತ ಓರೆಯಾಗಿ ಬಡಿದರೆ ಪೂರ್ತಿ ಹಿಂದಿರುಗುತ್ತದೆ. ಬೆರಳಿಗೂ ಗಾಜಿಗೂ ನಡುವಿನ ಗಾಳಿ ಹೋದಲ್ಲಿ ಬೆಳಕು ದಾಟಿತು. ರೆಂಡರ್‌ನ ಲೋಟದಲ್ಲೂ ಹೊಳೆದದ್ದು ನಾವೇ ಗೊತ್ತಿಲ್ಲದೆ ಬಿಟ್ಟ ಗಾಳಿಯ ಪೊರೆ!

ಹಾಗಂತ ಎರಡನ್ನೂ ಕರಾರುವಾಕ್ಕಾಗಿ ತಾಗಿಸಿಟ್ಟರೆ ಯಾವ ಮೇಲ್ಮೈ ಮೊದಲು ಎಂದು ತಿಳಿಯದೆ ಕಂಪ್ಯೂಟರ್ ತಡವರಿಸಿ ಕಪ್ಪು ಕಲೆ ಬೀಳಿಸುತ್ತದೆ. ಆದ್ದರಿಂದ ನೀರನ್ನು ಗಾಜಿನ ದಪ್ಪದೊಳಕ್ಕೆ ಕೂದಲೆಳೆಯಷ್ಟು ತೂರಿಸುತ್ತಾರೆ. ಹೀಗೆ ಒಂದರೊಳಗೊಂದು ತೂರಿದಾಗ ಯಾವುದಕ್ಕೆ ಆದ್ಯತೆ ಎಂಬುದಕ್ಕೆ ಗ್ರಾಫಿಕ್ಸ್ ಸಂಶೋಧಕರಾದ ಶ್ಮಿಟ್ ಮತ್ತು ಬಜ್ 2002ರಲ್ಲಿ ಒಂದು ಸರಳ ಕ್ರಮವನ್ನೇ ಕೊಟ್ಟರು.

ಗಾಜೇ ಕಪ್ಪಾಗಿ ಕಂಡರೆ ಬೌನ್ಸ್, ಅಂದರೆ ಕಿರಣ ಎಷ್ಟು ಸಲ ಪುಟಿಯಬಹುದೆಂಬ ಮಿತಿಯನ್ನು, ಹೆಚ್ಚಿಸಿ. ಸೈಕಲ್ಸ್ ತಾನಾಗಿ ಕೊಡುವುದು 12. ಹತ್ತಾರು ಗಾಜು ಸಾಲಾಗಿದ್ದರೆ ಕಿರಣ ನಡುದಾರಿಯಲ್ಲೇ ಸಾಯುತ್ತದೆ. ಅಂಚಿನಲ್ಲಿ ವಿಚಿತ್ರ ಉಂಗುರ ಕಂಡರೆ ನಾರ್ಮಲ್, ಅಂದರೆ ಮೇಲ್ಮೈ ಮುಖ ಮಾಡಿರುವ ದಿಕ್ಕು, ತಿರುಗುಮುರುಗಾಗಿದೆಯೇ ನೋಡಿ.

ಇನ್ನು ಲೋಟದ ನೆರಳಿನೊಳಗೆ ಕುಣಿಯುವ ಬೆಳಕಿನ ಬಳ್ಳಿ, ಕಾಸ್ಟಿಕ್ಸ್. ಕಿಟಕಿಗೆ ಹೇಳಿದ ಸುಳ್ಳು ಇಲ್ಲಿ ಸಿಕ್ಕಿಬೀಳುತ್ತದೆ, ಬಾಗಿದ ಗಾಜು ಬೆಳಕನ್ನು ಒಂದೆಡೆ ಕೂಡಿಸುತ್ತದಲ್ಲ. 2015ರಲ್ಲಿ ಗ್ರಾಫಿಕ್ಸ್ ಸಂಶೋಧಕ ಹಾನಿಕಾ ಮತ್ತು ಸಂಗಡಿಗರು ಹೊಸ ಉಪಾಯ ತಂದರು: ಮೊದಲು ಆ ಸುಳ್ಳು ನೇರ ಗೆರೆಯನ್ನೇ ಎಳೆ, ಆಮೇಲೆ ವಕ್ರೀಭವನದ ನಿಯಮಕ್ಕೆ ಒಪ್ಪುವ ತನಕ ಅದನ್ನು ಗಾಜಿನ ಮೇಲೆ ಸರಿಸುತ್ತಾ ಹೋಗು! 2022ರ ಬ್ಲೆಂಡರ್ 3.2ರಲ್ಲಿ ಇದು ಎಲ್ಲರ ಕೈಗೂ ಬಂತು, ಪುಕ್ಕಟೆಯಾಗಿ. ದೀಪ, ಗಾಜು, ನೆಲ ಮೂರಕ್ಕೂ ಒಂದೊಂದು ಟಿಕ್ ಹಾಕಿದರೆ ಸಾಕು. ಆದರೆ ತೂರಿ ಬಂದ ಬೆಳಕಿಗೆ ಮಾತ್ರ ಇದು ನಡೆಯುತ್ತದೆ. ಸ್ಟೀಲ್ ಲೋಟದ ಒಳಮೈಗೆ ಬಡಿದು ಕಾಫಿಯ ಮೇಲೆ ಬೀಳುವ ಬಾಗಿದ ಗೆರೆ ಬೇಕೆಂದರೆ ಬೇರೆ ದಾರಿಯನ್ನೇ ಹಿಡಿಯಬೇಕು.