‘ನೆಕ್ಸ್ಟ್’ ಗುಂಡಿ ಎಲ್ಲಿ ಹೋಯ್ತು?

ಕಳೆದ ಸೆಮಿಸ್ಟರ್ ಮಾತು. ಪೈಥಾನ್ ಇಂಟರ್ನಲ್ಸ್‌ಗೆ ಮೂರೇ ದಿನ ಬಾಕಿ. ನನ್ನ ಹತ್ತಿರ ಇದ್ದದ್ದು ಅಣ್ಣ ಬಳಸಿಬಿಟ್ಟ ಲ್ಯಾಪ್‌ಟಾಪ್, 2 ಜಿಬಿ ರ‍್ಯಾಮ್. ನಾಲ್ಕು ಟ್ಯಾಬ್ ತೆರೆದರೆ ಸಾಕು, ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿ ಎಲ್ಲವೂ ನಿಂತುಬಿಡೋದು. ಟಚ್‌ಪ್ಯಾಡ್‌ನಲ್ಲಿ ಬಾಣ ಓಡಾಡುತ್ತಿತ್ತು, ಸ್ಕ್ರಾಲ್ ಮಾತ್ರ ಸತ್ತುಹೋಗಿತ್ತು. ಹೊಸದು ಕೊಡಿಸಿ ಅಂತ ಅಪ್ಪನನ್ನು ಕೇಳೋ ಪರಿಸ್ಥಿತಿ ಮನೆಯಲ್ಲಿರಲಿಲ್ಲ.

ಸೀನಿಯರ್ ಒಬ್ಬರು ‘ಸೀಮಂಕಿ ಹಾಕ್ಕೊಂಡು ನೋಡು’ ಅಂದರು. ಹಾಕಿಕೊಂಡೆ. ರೂಮ್‌ಮೇಟ್ ನಕ್ಕ: ‘ಲೋ, ಇದೇನೋ ನಿಮ್ಮ ತಾತನ ಕಾಲದ ಬ್ರೌಸರ್ರು!’ ನೋಡೋಕೆ ಹಾಗೇ ಇದೆ, ಸುಳ್ಳಲ್ಲ. ಮೆನುಗಳನ್ನು ಕೆದಕುವಾಗ ‘ವೆಬ್‌ಸೈಟ್ ನ್ಯಾವಿಗೇಷನ್ ಬಾರ್’ ಅನ್ನೋದು ಸಿಕ್ಕಿತು. ಆನ್ ಮಾಡಿದರೆ ಟಾಪ್, ಅಪ್, ಫಸ್ಟ್, ಪ್ರೀವಿಯಸ್, ನೆಕ್ಸ್ಟ್, ಲಾಸ್ಟ್ ಅಂತ ಸಾಲುಸಾಲು ಗುಂಡಿ. ಎಲ್ಲವೂ ಮಂಕು. ಕೆಟ್ಟಿರಬೇಕು ಅಂದುಕೊಂಡೆ. ಪೈಥಾನ್‌ನ ಅಧಿಕೃತ ಟ್ಯುಟೋರಿಯಲ್ ತೆರೆದೆ ನೋಡಿ, ನೆಕ್ಸ್ಟ್, ಪ್ರೀವಿಯಸ್‌ಗೆ ಜೀವ ಬಂತು!

ಆ ರಾತ್ರಿ ಬಾಣವನ್ನು ನೆಕ್ಸ್ಟ್ ಮೇಲಿಟ್ಟು, ಪೇಜ್‌ಡೌನ್ ಒತ್ತುತ್ತಾ ಓದಿದೆ. ಪುಟ ಮುಗಿದರೆ ಒಂದು ಕ್ಲಿಕ್, ಅಷ್ಟೇ. ಮುಂದಿನ ಪಾಠದ ಲಿಂಕ್ ಎಲ್ಲಿದೆ ಅಂತ ಹುಡುಕೋ ಕೆಲಸವೇ ಇಲ್ಲ. ಗುಂಡಿ ಇರೋದು ಬ್ರೌಸರ್‌ನಲ್ಲಿ, ಪುಟದಲ್ಲಲ್ಲ. ಹಾಗಾಗಿ ಯಾವ ಸೈಟ್‌ಗೆ ಹೋದರೂ ಅದೇ ಜಾಗ.

ಇದರ ಗುಟ್ಟು ಎಚ್‌ಟಿಎಂಎಲ್‌ನ ಒಂದೇ ಸಾಲು. ಪುಟದ ಹೆಡ್ ಭಾಗದಲ್ಲಿ ಲಿಂಕ್ ಟ್ಯಾಗ್ ಹಾಕಿ, ರೆಲ್ ಅನ್ನೋ ಕಡೆ ‘ನೆಕ್ಸ್ಟ್’ ಅಂತ ಬರೆದು, ಮುಂದಿನ ಪುಟದ ವಿಳಾಸ ಕೊಟ್ಟರೆ ಮುಗಿಯಿತು. 1999ರ ಎಚ್‌ಟಿಎಂಎಲ್ 4.01ರಲ್ಲೇ ನೆಕ್ಸ್ಟ್, ಪ್ರೀವ್, ಕಂಟೆಂಟ್ಸ್, ಇಂಡೆಕ್ಸ್, ಗ್ಲಾಸರಿ, ಚಾಪ್ಟರ್ ಎಲ್ಲ ಇದ್ದವು. ಒಂದು ಸೈಟನ್ನು ಪುಸ್ತಕದಂತೆ ಓದಿಸಬೇಕು ಅನ್ನೋ ಆಸೆ! ಹಳೆಯ ಮೊಜಿಲ್ಲಾದಲ್ಲಿ ಈ ಪಟ್ಟಿ ಇತ್ತು. ಆಗಿನ ಒಪೆರಾದಲ್ಲೂ ಇತ್ತು. ಅದರ ಫಾಸ್ಟ್ ಫಾರ್ವರ್ಡ್ ಗುಂಡಿಯಂತೂ ಸೈಟಿನವರು ಏನೂ ಬರೆಯದಿದ್ದರೂ ಮುಂದಿನ ಪುಟವನ್ನು ತಾನೇ ಊಹಿಸುತ್ತಿತ್ತು. ಬರೀ ಅಕ್ಷರ ತೋರಿಸುವ ಲಿಂಕ್ಸ್ ಬ್ರೌಸರ್ ಈ ಕೊಂಡಿಗಳನ್ನು ಪುಟದ ತಲೆಯಲ್ಲೇ ತೋರಿಸುತ್ತೆ.

2004ರಲ್ಲಿ ಬಂದ ಫೈರ್‌ಫಾಕ್ಸ್ ಹಗುರಾಗುವ ಭರದಲ್ಲಿ ಇದನ್ನು ಕೈಬಿಟ್ಟಿತು. ಒಪೆರಾ 2013ರಲ್ಲಿ ಎಂಜಿನ್ ಬದಲಿಸಿದಾಗ ಹಳೆಯದೆಷ್ಟೋ ಹೋಯಿತು. ಟೂಲ್‌ಬಾರ್ ಅನ್ನೋ ಹೆಸರೇ ಕೆಟ್ಟಿತ್ತು ಬಿಡಿ. ಯಾವುದೋ ಸಾಫ್ಟ್‌ವೇರ್ ಹಾಕಿದರೆ ಕೇಳದೇ ಬಂದು ಕೂರೋ ಪಟ್ಟಿಗಳಿಂದ ಸೈಬರ್ ಕೆಫೆಯ ಅರ್ಧ ಸ್ಕ್ರೀನ್ ತುಂಬಿರುತ್ತಿತ್ತು ಅಂತ ಅಣ್ಣ ಈಗಲೂ ಬೈಯುತ್ತಾನೆ. ಗೂಗಲ್ ಕೂಡ 2011ರಲ್ಲಿ ಈ ನೆಕ್ಸ್ಟ್, ಪ್ರೀವ್‌ಗಳನ್ನು ಗಮನಿಸುತ್ತೇವೆ ಅಂದು, 2019ರಲ್ಲಿ ಈಗ ಬಳಸುತ್ತಿಲ್ಲ ಅಂದಿತು.

ಇಂಟರ್ನಲ್ಸ್ ಪಾಸಾದೆ. ಆ ಹುರುಪಿನಲ್ಲಿ ಮಿನಿ ಪ್ರಾಜೆಕ್ಟ್‌ಗೆ ನಮ್ಮೂರ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನದ ನೋಟ್ಸ್ ಸೈಟ್ ಮಾಡಿದೆವು. ಪ್ರತಿ ಪುಟಕ್ಕೂ ಆ ಸಾಲುಗಳನ್ನು ಹಾಕಿದೆ, ಬೇರೆ ಲಿಂಕ್ ಹಾಕಲೇ ಇಲ್ಲ. ವೈವಾದಲ್ಲಿ ಎಕ್ಸ್‌ಟರ್ನಲ್ ಸರ್ ಕ್ರೋಮ್‌ನಲ್ಲಿ ತೆರೆದು ಸುಮ್ಮನೆ ಕೂತರು. ‘ಮುಂದಿನ ಪಾಠಕ್ಕೆ ಹೇಗಪ್ಪಾ ಹೋಗೋದು?’ ನಾನು ನನ್ನ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ‘ಸರಿ, ಆ ಸ್ಕೂಲಿನ ಮಕ್ಕಳ ಹತ್ರ ಯಾವ ಬ್ರೌಸರ್ ಇದೆ?’ ಉತ್ತರ ಇರಲಿಲ್ಲ. ವಿಚಾರಿಸಿಯೇ ಇರಲಿಲ್ಲ.

ಮಾರ್ಕ್ಸ್ ಹೋಯಿತು, ಜೊತೆಗಿದ್ದ ಇಬ್ಬರದ್ದೂ ಕೂಡ. ಅವರು ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಮೂವರೂ ಕೂತು ಪ್ರತಿ ಪುಟದ ಕೆಳಗೆ ‘ಹಿಂದಿನ ಪಾಠ’, ‘ಮುಂದಿನ ಪಾಠ’ ಅಂತ ದಪ್ಪಕ್ಷರದ ಗುಂಡಿ ಹಾಕಿ ಸ್ಕೂಲಿಗೆ ಕೊಟ್ಟುಬಂದೆವು. ಹೆಡ್‌ನಲ್ಲಿದ್ದ ಆ ಸಾಲುಗಳನ್ನು ಮಾತ್ರ ಅಳಿಸೋಕೆ ನಾನು ಬಿಡಲಿಲ್ಲ.