ಹಳೇ ಪೆಟ್ರೋಲ್ ಕಾರಿಗೆ ಮಾಫಿ, ಹೊಸ ಡೀಸೆಲ್ ಕಾರಿಗೆ ಶುಲ್ಕ: ಲಂಡನ್ನಿನ ಹೊಗೆ ಲೆಕ್ಕ

ಒಂದು ಸಣ್ಣ ಒಗಟಿನಿಂದ ಶುರು ಮಾಡೋಣ. ಲಂಡನ್ನಿನ ಒಂದು ಬೀದಿಯಲ್ಲಿ ಎರಡು ಕಾರು ನಿಂತಿವೆ ಅಂದುಕೊಳ್ಳಿ. ಒಂದು 2007ರ ಪೆಟ್ರೋಲ್ ಕಾರು. ಬಣ್ಣ ಮಾಸಿದೆ, ಬಾಗಿಲು ತೆಗೆದರೆ ಕಿರ್ ಅನ್ನುತ್ತೆ. ಇನ್ನೊಂದು 2014ರ ಡೀಸೆಲ್ ಕಾರು. ನೋಡೋಕೂ ಚೆನ್ನಾಗಿದೆ, ಮೈಲೇಜೂ ಚೆನ್ನಾಗಿ ಕೊಡುತ್ತೆ. ಊರೊಳಗೆ ಓಡಾಡೋಕೆ ಮಾಲಿನ್ಯ ಶುಲ್ಕ ಕಟ್ಟಬೇಕಾದದ್ದು ಯಾವುದು?

ಹಳೇದು ಅಂದಿದ್ರೆ ಉತ್ತರ ತಪ್ಪು. ಏಳು ವರ್ಷ ಹಳೆಯದಾದ ಪೆಟ್ರೋಲ್ ಕಾರು ಒಂದು ಪೈಸೆಯೂ ಕಟ್ಟದೆ ಓಡಾಡುತ್ತೆ. ಡೀಸೆಲ್ ಕಾರಿನವರು ರಸ್ತೆಗಿಳಿದ ಪ್ರತಿ ದಿನಕ್ಕೂ 12.50 ಪೌಂಡ್ ಕೊಡಬೇಕು. ನಮ್ಮ ದುಡ್ಡಲ್ಲಿ 1,400 ರೂಪಾಯಿಗೂ ಹೆಚ್ಚು. ಈ ಲೆಕ್ಕ ಎಲ್ಲಿಂದ ಬಂತು, ಇದರ ಭಾರ ಯಾರ ಮೇಲೆ ಬಿತ್ತು, ಇಷ್ಟೆಲ್ಲ ಮಾಡಿ ಗಾಳಿ ಸುಧಾರಿಸಿತಾ ಅನ್ನೋದನ್ನ ನೋಡೋಣ ಬನ್ನಿ.

ಎರಡು ಶುಲ್ಕ, ಎರಡು ಉದ್ದೇಶ

ಲಂಡನ್ನಿನಲ್ಲಿ ವಾಹನಗಳ ಮೇಲೆ ಎರಡು ಬೇರೆ ಬೇರೆ ಶುಲ್ಕ ಇವೆ. ಬಹಳ ಜನ ಇವೆರಡನ್ನೂ ಒಂದೇ ಅಂದುಕೊಳ್ತಾರೆ.

ಮೊದಲನೆಯದು ಕಂಜೆಷನ್ ಚಾರ್ಜ್, ಅಂದ್ರೆ ದಟ್ಟಣೆ ಶುಲ್ಕ. 2003ರ ಫೆಬ್ರವರಿ 17ರಂದು ಶುರುವಾದಾಗ ದಿನಕ್ಕೆ 5 ಪೌಂಡ್ ಇತ್ತು. 2026ರ ಜನವರಿಯಿಂದ 18 ಪೌಂಡ್ ಆಗಿದೆ. ಇದು ನಗರದ ನಡುಭಾಗಕ್ಕೆ ಮಾತ್ರ, ಅದೂ ಹಗಲು ಹೊತ್ತಿನಲ್ಲಿ. ನಿಮ್ಮ ಕಾರು ಎಷ್ಟು ಹೊಗೆ ಬಿಡುತ್ತೆ ಅನ್ನೋದು ಇದಕ್ಕೆ ಮುಖ್ಯ ಅಲ್ಲ. ರಸ್ತೆಯಲ್ಲಿ ಜಾಗ ಹಿಡಿದಿದ್ದಕ್ಕೆ ಬಾಡಿಗೆ ಇದು.

ಎರಡನೆಯದು ಅಲ್ಟ್ರಾ ಲೋ ಎಮಿಷನ್ ಝೋನ್, ಅಲ್ಲಿನವರ ಬಾಯಲ್ಲಿ ಯೂಲೆಜ್. ಇದು ಹೊಗೆಯ ಮೇಲಿನ ಶುಲ್ಕ. 2019ರ ಏಪ್ರಿಲ್ 8ರಂದು ನಗರದ ನಡುಭಾಗದಲ್ಲಿ ಶುರುವಾಯಿತು. 2021ರ ಅಕ್ಟೋಬರ್‌ನಲ್ಲಿ ನಾರ್ತ್ ಸರ್ಕ್ಯುಲರ್, ಸೌತ್ ಸರ್ಕ್ಯುಲರ್ ಅನ್ನೋ ವರ್ತುಲ ರಸ್ತೆಗಳವರೆಗೆ ಹಬ್ಬಿತು. 2023ರ ಆಗಸ್ಟ್ 29ರಿಂದ ಇಡೀ ಗ್ರೇಟರ್ ಲಂಡನ್ನಿಗೆ ಅನ್ವಯ. ಕ್ರಿಸ್‌ಮಸ್ ದಿನ ಒಂದು ಬಿಟ್ಟು ವರ್ಷವಿಡೀ, ದಿನದ 24 ಗಂಟೆಯೂ ಜಾರಿಯಲ್ಲಿರುತ್ತೆ.

ಟೋಲ್ ಗೇಟೂ ಇಲ್ಲ, ಫಾಸ್ಟ್ಯಾಗೂ ಇಲ್ಲ. ಕಂಬಗಳ ಮೇಲಿನ ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತೆ, ಆ ನಂಬರನ್ನ ಡೇಟಾಬೇಸ್‌ನಲ್ಲಿ ಹುಡುಕುತ್ತೆ. ನಿಯಮಕ್ಕೆ ಹೊಂದುವ ವಾಹನ ಆದ್ರೆ ಅಷ್ಟೇ, ಮುಂದೆ ಹೋಗಬಹುದು. ಹೊಂದದಿದ್ರೆ ಓಡಿಸಿದ ಮೂರನೇ ದಿನದ ಮಧ್ಯರಾತ್ರಿಯೊಳಗೆ ಹಣ ಕಟ್ಟಬೇಕು. ಮರೆತರೆ ದಂಡ 180 ಪೌಂಡ್, 14 ದಿನದೊಳಗೆ ಕಟ್ಟಿದರೆ ಅರ್ಧ.

ಗೆರೆ ಎಳೆದದ್ದು ಎಲ್ಲಿ?

ಈಗ ನಮ್ಮ ಒಗಟಿಗೆ ಬರೋಣ. ಯೂಲೆಜ್ ವಾಹನದ ವಯಸ್ಸು ಕೇಳೋದಿಲ್ಲ, ಅದು ಪಾಸಾಗಿರೋ ಯೂರೋ ಮಾನದಂಡ ಯಾವುದು ಅಂತ ಕೇಳುತ್ತೆ. ಪೆಟ್ರೋಲ್ ಕಾರಿಗೆ ಯೂರೋ 4 ಸಾಕು, ಅಂದ್ರೆ ಸುಮಾರು 2006ರ ನಂತರದ್ದು. ಡೀಸೆಲ್ ಕಾರಿಗೆ ಯೂರೋ 6 ಬೇಕು, ಅಂದ್ರೆ ಸುಮಾರು 2015ರ ಸೆಪ್ಟೆಂಬರ್ ನಂತರದ್ದು.

ಮೇಲ್ನೋಟಕ್ಕೆ ಇದು ಡೀಸೆಲ್ ಮೇಲಿನ ಹಗೆತನ ಅನ್ನಿಸುತ್ತೆ. ಅಂಕಿ ನೋಡಿದರೆ ವಿಷಯ ಬೇರೆ. ಇಲ್ಲಿ ಮುಖ್ಯ ಶತ್ರು ನೈಟ್ರೋಜನ್ ಆಕ್ಸೈಡ್‌ಗಳು, ಚಿಕ್ಕದಾಗಿ ನಾಕ್ಸ್. ಯೂರೋ 4 ಪೆಟ್ರೋಲ್ ಕಾರಿಗೆ ನಾಕ್ಸ್ ಮಿತಿ ಕಿಲೋಮೀಟರಿಗೆ 80 ಮಿಲಿಗ್ರಾಂ. ಡೀಸೆಲ್‌ಗೆ ಯೂರೋ 4ರಲ್ಲಿ ಇದ್ದ ಮಿತಿ 250, ಯೂರೋ 5ರಲ್ಲಿ 180, ಯೂರೋ 6ರಲ್ಲಿ 80. ಅಂದ್ರೆ ಎರಡಕ್ಕೂ ಎಳೆದ ಗೆರೆ ಒಂದೇ: 80. ಆ ಗೆರೆ ಮುಟ್ಟೋಕೆ ಡೀಸೆಲ್ ಒಂಬತ್ತು-ಹತ್ತು ವರ್ಷ ತಡ ಮಾಡಿತು, ಅಷ್ಟೇ.

ಯಾಕೆ ತಡ? ಐಸಿ ಎಂಜಿನ್ ಕ್ಲಾಸಿನಲ್ಲಿ ಎಚ್ಚರವಾಗಿದ್ದವರಿಗೆ ನೆನಪಿರುತ್ತೆ. ಪೆಟ್ರೋಲ್ ಎಂಜಿನ್ ಸರಿಯಾದ ಅನುಪಾತದಲ್ಲಿ, ಒಂದು ಪಾಲು ಇಂಧನಕ್ಕೆ 14.7 ಪಾಲು ಗಾಳಿ ಹಾಕಿಕೊಂಡು ಉರಿಸುತ್ತೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚು ಉಳಿಯೋದಿಲ್ಲ. ಹಾಗಾಗಿ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಕಾರ್ಬನ್ ಮೊನಾಕ್ಸೈಡು, ನಾಕ್ಸ್‌ನಲ್ಲಿರೋ ಆಮ್ಲಜನಕವನ್ನೇ ಕಿತ್ತುಕೊಂಡು ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ನಾಕ್ಸ್ ಬರೀ ನೈಟ್ರೋಜನ್ ಆಗಿ ಹೊರಗೆ ಹೋಗುತ್ತೆ. ಒಂದೇ ಡಬ್ಬಿಯಲ್ಲಿ ಎರಡು ಕೆಲಸ.

ಡೀಸೆಲ್ ಎಂಜಿನ್ ಬೇಕಾದ್ದಕ್ಕಿಂತ ಬಹಳ ಹೆಚ್ಚು ಗಾಳಿಯಲ್ಲಿ ಉರಿಸುತ್ತೆ. ಹೊಗೆಯಲ್ಲೇ ಬೇಕಾದಷ್ಟು ಆಮ್ಲಜನಕ ಇರೋವಾಗ ನಾಕ್ಸ್‌ನಿಂದ ಕಿತ್ತುಕೊಳ್ಳೋ ಕಷ್ಟ ಯಾಕೆ? ಹಾಗಾಗಿ ಆ ಡಬ್ಬಿ ಇಲ್ಲಿ ನಾಕ್ಸ್ ತೆಗೆಯೋದಿಲ್ಲ. ಹಲವು ಯೂರೋ 6 ಡೀಸೆಲ್ ಕಾರುಗಳಲ್ಲಿ ಯೂರಿಯಾ ದ್ರಾವಣ ಚಿಮುಕಿಸಿ, ಅದರಿಂದ ಬರೋ ಅಮೋನಿಯಾದಿಂದ ನಾಕ್ಸ್ ಒಡೆಯೋ ಎಸ್‌ಸಿಆರ್ ಅನ್ನೋ ಪ್ರತ್ಯೇಕ ವ್ಯವಸ್ಥೆ ಹಾಕಬೇಕಾಯ್ತು. ಅದಕ್ಕೆ ಖರ್ಚು, ಜಾಗ, ತೂಕ ಎಲ್ಲ ಬೇಕು. ಕಾನೂನು ಕಟ್ಟುನಿಟ್ಟಾಗೋವರೆಗೆ ಕಂಪನಿಗಳು ಅದರ ಗೋಜಿಗೆ ಹೋಗಲಿಲ್ಲ.

ದಿನದ ಲೆಕ್ಕದಲ್ಲಿ ಅಡಗಿರೋ ಸಮಸ್ಯೆ

ಗೆರೆ ಎಳೆದದ್ದು ಎಂಜಿನಿಯರಿಂಗ್ ಲೆಕ್ಕದಿಂದ. ಆದ್ರೆ ಭಾರ ಬಿದ್ದದ್ದು ಜೇಬು ನೋಡಿ ಅಲ್ಲ, ಹೊಗೆಯನ್ನ ಅಳೆದೂ ಅಲ್ಲ. ಯೂಲೆಜ್ ಒಂದು ಹೌದು-ಇಲ್ಲ ಪ್ರಶ್ನೆ. ಒಂದು ಕಿಲೋಮೀಟರ್ ಓಡಿಸಿದರೂ 12.50, ನೂರು ಕಿಲೋಮೀಟರ್ ಓಡಿಸಿದರೂ 12.50. ಇಪ್ಪತ್ತು ವರ್ಷದ ಡೀಸೆಲ್ ಕಾರಿಗೂ ಅಷ್ಟೇ, 2014ರದ್ದಕ್ಕೂ ಅಷ್ಟೇ.

ಇಬ್ಬರನ್ನ ಹೋಲಿಸಿ ನೋಡೋಣ. ತಿಂಗಳಿಗೊಮ್ಮೆ ನೆಂಟರ ಮನೆಗೆ ಕಾರು ತೆಗೆಯೋರಿಗೆ ವರ್ಷಕ್ಕೆ 150 ಪೌಂಡ್. ಹಳೇ ಡೀಸೆಲ್ ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ಮನೆಮನೆಗೆ ಹೋಗೋ ಪ್ಲಂಬರ್, ವಾರಕ್ಕೆ ಐದು ದಿನದಂತೆ 48 ವಾರ ದುಡಿದರೆ 3,000 ಪೌಂಡ್. ಆತ ಬಸ್ಸು ಹತ್ತೋಣ ಅಂದ್ರೆ ಪೈಪು, ಉಪಕರಣ ಎಲ್ಲಿಡೋದು?

ಇನ್ನೊಂದು ತೊಡಕೂ ಇದೆ. ಶುಲ್ಕದ ದಿನ ಅಂದ್ರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿವರೆಗೆ. ರಾತ್ರಿ ಪಾಳಿಗೆ ಹತ್ತು ಗಂಟೆಗೆ ಹೊರಟು ಬೆಳಗ್ಗೆ ಆರಕ್ಕೆ ವಾಪಸ್ ಬರೋ ನರ್ಸ್‌ಗೆ ಅದು ಒಂದು ಪಾಳಿ. ಕ್ಯಾಮೆರಾಕ್ಕೆ ಎರಡು ದಿನ. ಹಾಗಾಗಿ 25 ಪೌಂಡ್. ಮೆಟ್ರೋ, ಬಸ್ಸು ಕಡಿಮೆ ಇರೋ ಹೊತ್ತಿನಲ್ಲಿ ಕೆಲಸ ಮಾಡೋರಿಗೇ ದುಪ್ಪಟ್ಟು ಹೊರೆ.

ಕಾರು ಬದಲಾಯಿಸೋರಿಗೆ ನೆರವಾಗಲಿ ಅಂತ ಮೇಯರ್ ಕಚೇರಿ ಒಂದು ಗುಜರಿ ಯೋಜನೆ ತಂದಿತು. ಹಳೇ ಕಾರು ಗುಜರಿಗೆ ಹಾಕಿದರೆ 2,000 ಪೌಂಡ್. ಮೊದಲು ಕೆಲವು ಸರ್ಕಾರಿ ಭತ್ಯೆ ಪಡೆಯೋರಿಗೆ ಮಾತ್ರ ಇತ್ತು. ವಿರೋಧ ಜೋರಾದ ಮೇಲೆ 2023ರ ಆಗಸ್ಟ್‌ನಲ್ಲಿ ಲಂಡನ್ನಿನ ಎಲ್ಲರಿಗೂ ತೆರೆದರು, 2024ರಲ್ಲಿ ಮುಚ್ಚಿದರು. ಆದ್ರೆ ಗಡಿಯಾಚೆಯ ಕೆಂಟ್, ಸರ್ರೆ, ಎಸೆಕ್ಸ್‌ನಿಂದ ದಿನಾ ಲಂಡನ್ನಿಗೆ ಕೆಲಸಕ್ಕೆ ಬರೋರಿಗೆ ಶುಲ್ಕ ಇತ್ತು, ಈ ನೆರವು ಇರಲಿಲ್ಲ.

ಮಾತು ಕೇಳಿ ಡೀಸೆಲ್ ಕೊಂಡವರು

ವಾಹನ ಮಾಲೀಕರ ಸಿಟ್ಟಿಗೆ ಇನ್ನೊಂದು ಕಾರಣ ಇತ್ತು. 2001ರಲ್ಲಿ ಬ್ರಿಟನ್ ಸರ್ಕಾರ ಕಾರು ತೆರಿಗೆಯನ್ನ ಕಾರ್ಬನ್ ಡೈಆಕ್ಸೈಡ್ ಆಧಾರದ ಮೇಲೆ ನಿಗದಿ ಮಾಡಿತು. ಡೀಸೆಲ್ ಮೈಲೇಜ್ ಜಾಸ್ತಿ, ಹಾಗಾಗಿ ಕಿಲೋಮೀಟರಿಗೆ ಬರೋ ಕಾರ್ಬನ್ ಕಡಿಮೆ, ಹಾಗಾಗಿ ತೆರಿಗೆಯೂ ಕಡಿಮೆ. ಜನ ಡೀಸೆಲ್ ಕಡೆ ವಾಲಿದರು. ಹತ್ತು-ಹನ್ನೆರಡು ವರ್ಷದಲ್ಲಿ ಮಾರಾಟವಾಗೋ ಹೊಸ ಕಾರುಗಳಲ್ಲಿ ಸುಮಾರು ಅರ್ಧ ಡೀಸೆಲ್ ಆಗಿದ್ದವು. ಹವಾಮಾನದ ಲೆಕ್ಕದಲ್ಲಿ ಒಳ್ಳೇದು ಅಂತ ಕೊಂಡ ಕಾರು, ಶ್ವಾಸಕೋಶದ ಲೆಕ್ಕದಲ್ಲಿ ಕೆಟ್ಟದ್ದಾಗಿತ್ತು. 2015ರಲ್ಲಿ ಫೋಕ್ಸ್‌ವ್ಯಾಗನ್ ಹಗರಣ ಬಯಲಾದಾಗ, ಪರೀಕ್ಷೆಯಲ್ಲಿ ಕಡಿಮೆ ಹೊಗೆ ತೋರಿಸಿ ರಸ್ತೆಯಲ್ಲಿ ಹೆಚ್ಚು ಬಿಡೋ ಸಾಫ್ಟ್‌ವೇರ್ ಇದ್ದದ್ದೂ ಜಗತ್ತಿಗೆ ಗೊತ್ತಾಯ್ತು.

ಅಂದ್ರೆ ತಪ್ಪಿನಲ್ಲಿ ತೆರಿಗೆ ನೀತಿಗೂ ಪಾಲಿದೆ, ಕಂಪನಿಗಳಿಗೂ ಪಾಲಿದೆ. ಬಿಲ್ ಮಾತ್ರ ಬಂದದ್ದು ಕೊನೆಯಲ್ಲಿ ಆ ಕಾರನ್ನ ಸೆಕೆಂಡ್ ಹ್ಯಾಂಡ್ ಕೊಂಡವರಿಗೆ. 2023ರ ಜುಲೈನಲ್ಲಿ ಆಕ್ಸ್‌ಬ್ರಿಜ್ ಉಪಚುನಾವಣೆಯಲ್ಲಿ ಈ ಸಿಟ್ಟೇ ದೊಡ್ಡ ವಿಷಯ ಆಯ್ತು. ಯೂಲೆಜ್ ವಿರೋಧಿಸಿದ ಅಭ್ಯರ್ಥಿ 495 ಮತಗಳಿಂದ ಗೆದ್ದರು. ಅದೇ ತಿಂಗಳು ಐದು ಸ್ಥಳೀಯ ಆಡಳಿತಗಳು ಹಾಕಿದ್ದ ಕೇಸನ್ನ ಹೈಕೋರ್ಟ್ ವಜಾ ಮಾಡಿತು. ರಾತ್ರೋರಾತ್ರಿ ಕ್ಯಾಮೆರಾ ಕತ್ತರಿಸೋರೂ ಹುಟ್ಟಿಕೊಂಡರು.

ಹಾಗಾದ್ರೆ ಇದೆಲ್ಲ ಬೇಕಿತ್ತಾ?

ಈ ಪ್ರಶ್ನೆಗೆ ಉತ್ತರ ಹೇಳೋ ಮೊದಲು ಒಂದು ಮಗುವಿನ ವಿಷಯ ಹೇಳಲೇಬೇಕು. ಎಲಾ ಅಡೂ-ಕಿಸಿ-ಡೆಬ್ರಾ, ಲಂಡನ್ನಿನ ಲೂಯಿಶಮ್‌ನಲ್ಲಿ ಸೌತ್ ಸರ್ಕ್ಯುಲರ್ ರಸ್ತೆ ಹತ್ತಿರ ಇದ್ದ ಹುಡುಗಿ. ತೀವ್ರ ಅಸ್ತಮಾದಿಂದ 2013ರ ಫೆಬ್ರವರಿಯಲ್ಲಿ ಒಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ತಾಯಿ ವರ್ಷಗಟ್ಟಲೆ ಹೋರಾಡಿದ ಮೇಲೆ ಮತ್ತೆ ವಿಚಾರಣೆ ನಡೆದು, 2020ರ ಡಿಸೆಂಬರ್‌ನಲ್ಲಿ ಸಾವಿಗೆ ವಾಯುಮಾಲಿನ್ಯವೂ ಕಾರಣ ಅಂತ ಅಧಿಕೃತವಾಗಿ ದಾಖಲಾಯಿತು. ಬ್ರಿಟನ್ನಿನಲ್ಲಿ ಇಂಥ ದಾಖಲೆ ಅದೇ ಮೊದಲು. 2021ರ ವಿಸ್ತರಣೆಯಲ್ಲಿ ಸೌತ್ ಸರ್ಕ್ಯುಲರ್ ವಲಯದ ಗಡಿ ಆಗಿತ್ತೇ ಹೊರತು ಆ ರಸ್ತೆ ವಲಯದೊಳಗೆ ಇರಲಿಲ್ಲ. ಒಳಗೆ ಬಂದದ್ದು 2023ರಲ್ಲಿ.

ಗಾಳಿಯ ಲೆಕ್ಕ ಹೀಗಿದೆ. 2017ರಲ್ಲಿ ನಗರದ ನಡುಭಾಗದಲ್ಲಿ ನಿಯಮಕ್ಕೆ ಹೊಂದುತ್ತಿದ್ದ ವಾಹನಗಳು 39%. ಈಗ ಇಡೀ ಲಂಡನ್ನಿನಲ್ಲಿ 96% ದಾಟಿದೆ. ಯೂಲೆಜ್ ಇಲ್ಲದಿದ್ರೆ ಎಷ್ಟಿರುತ್ತಿತ್ತೋ ಅದಕ್ಕಿಂತ 2024ರಲ್ಲಿ ರಸ್ತೆಬದಿಯ ನೈಟ್ರೋಜನ್ ಡೈಆಕ್ಸೈಡ್ 27% ಕಡಿಮೆ ಇತ್ತು ಅಂತ ಮೇಯರ್ ಕಚೇರಿಯ ಅಂದಾಜು. "ಇಲ್ಲದಿದ್ರೆ" ಅನ್ನೋ ಪದ ಗಮನಿಸಿ. ಹಳೇ ಕಾರುಗಳು ತಾವಾಗಿಯೂ ಗುಜರಿಗೆ ಹೋಗ್ತಾ ಇರ್ತವೆ, ಹಾಗಾಗಿ ಇದು ಮಾಡೆಲ್ ಹಾಕಿ ತೆಗೆದ ಲೆಕ್ಕ. ಬ್ರೇಕು, ಟೈರು ಸವೆದು ಬರೋ ಸಣ್ಣ ಕಣಗಳನ್ನ ಈ ಶುಲ್ಕ ತಡೆಯೋದಿಲ್ಲ. ಎಲೆಕ್ಟ್ರಿಕ್ ಕಾರಿನ ಟೈರೂ ಸವೆಯುತ್ತೆ. ಆದರೂ ಶುಲ್ಕ ತನ್ನ ಕೆಲಸ ಮಾಡಿದೆ ಅನ್ನೋದರಲ್ಲಿ ನಮಗೆ ಅನುಮಾನ ಇಲ್ಲ. ಇದು ಹಣ ಎತ್ತೋಕೆ ಮಾತ್ರ ಇರೋ ತಂತ್ರ ಅನ್ನೋರಿಗೂ ಉತ್ತರ ಇಲ್ಲೇ ಇದೆ: ನಿಯಮ ಪಾಲಿಸೋರು ಜಾಸ್ತಿ ಆದಷ್ಟೂ ಇದರ ಆದಾಯ ಕಡಿಮೆಯಾಗುತ್ತೆ.

ನಮ್ಮ ಗಾಡಿ ಅಲ್ಲಿದ್ದಿದ್ರೆ?

ನಮ್ಮ ಭಾರತ್ ಸ್ಟೇಜ್ ಮಾನದಂಡಗಳು ಯೂರೋ ಮಾದರಿಯಲ್ಲೇ ಇರೋದರಿಂದ ಈ ಲೆಕ್ಕ ನಾವೂ ಹಾಕಬಹುದು. ಬಿಎಸ್ 4 ಬೆಂಗಳೂರಿಗೆ 2010ರಲ್ಲೇ ಬಂತು, ದೇಶಕ್ಕೆಲ್ಲ 2017ರಲ್ಲಿ. ಬಿಎಸ್ 5 ಹಾರಿಸಿ 2020ರ ಏಪ್ರಿಲ್‌ನಿಂದ ಬಿಎಸ್ 6. ಬಿಎಸ್ 4 ಪೆಟ್ರೋಲ್ ಕಾರಿನ ನಾಕ್ಸ್ ಮಿತಿ 80, ಡೀಸೆಲ್‌ದು 250. ಅಂದ್ರೆ ಮನೆಯಲ್ಲಿರೋ 2012ರ ಬೆಂಗಳೂರಿನ ಪೆಟ್ರೋಲ್ ಕಾರು ಲಂಡನ್ನಿನ ಗೆರೆ ದಾಟುತ್ತೆ, 2019ರ ಡೀಸೆಲ್ ಕಾರು ದಾಟೋದಿಲ್ಲ.

ದೆಹಲಿ ಹಿಡಿದ ದಾರಿ ಬೇರೆ. ಅಲ್ಲಿ ಗೆರೆ ಎಳೆದದ್ದು ವಯಸ್ಸಿನ ಮೇಲೆ: ಡೀಸೆಲ್‌ಗೆ ಹತ್ತು ವರ್ಷ, ಪೆಟ್ರೋಲ್‌ಗೆ ಹದಿನೈದು. 2025ರ ಜುಲೈನಲ್ಲಿ ಇಂಥ ಗಾಡಿಗಳಿಗೆ ಬಂಕಿನಲ್ಲಿ ಇಂಧನ ಹಾಕಬಾರದು ಅಂತ ನಿಯಮ ಬಂತು. ಗಲಾಟೆ ಆಗಿ ಕೆಲವೇ ದಿನದಲ್ಲಿ ಮುಂದೂಡಿದರು. ವಯಸ್ಸು ನೋಡೋದು ಸುಲಭ, ಆದ್ರೆ ಚೆನ್ನಾಗಿ ನೋಡಿಕೊಂಡ ಗಾಡಿಗೂ ಹೊಗೆ ಕಾರೋ ಗಾಡಿಗೂ ಒಂದೇ ಶಿಕ್ಷೆ.

ಬೆಂಗಳೂರಿನ ಔಟರ್ ರಿಂಗ್ ರೋಡಿಗೂ ಶುಲ್ಕ ಹಾಕಬೇಕು ಅನ್ನೋ ಮಾತು ಆಗಾಗ ಕೇಳಿಬರುತ್ತೆ. ಮುಂದಿನ ಸಲ ಕ್ಯಾಂಟೀನಿನಲ್ಲಿ ಆ ಚರ್ಚೆ ಎದ್ದಾಗ, ಪರ-ವಿರೋಧ ಕೂಗೋ ಮುಂಚೆ ಇಷ್ಟು ಕೇಳಿ ನೋಡಿ. ಈ ಶುಲ್ಕ ದಟ್ಟಣೆಗೋ, ಹೊಗೆಗೋ? ಗೆರೆ ಎಳೆಯೋದು ವಯಸ್ಸಿನ ಮೇಲೋ, ಮಾನದಂಡದ ಮೇಲೋ, ಓಡಿಸಿದ ಕಿಲೋಮೀಟರ್ ಮೇಲೋ? ರಾತ್ರಿ ಪಾಳಿಯವರಿಗೆ, ಗೂಡ್ಸ್ ಆಟೋ ಓಡಿಸೋರಿಗೆ ಗಾಡಿ ಬದಲಾಯಿಸೋಕೆ ಎಷ್ಟು ಸಮಯ, ಎಷ್ಟು ನೆರವು? ಗಾಡಿ ಬಿಟ್ಟು ಬಂದವರಿಗೆ ಬಸ್ಸು ಇದೆಯಾ? ಇವಕ್ಕೆ ಉತ್ತರ ಕೊಡೋ ಯೋಜನೆ ಬಂದ್ರೆ ಅದರ ಪರ ನಿಲ್ಲೋಣ. ಕ್ಯಾಮೆರಾ ಹಾಕೋ ಟೆಂಡರ್ ಮಾತ್ರ ಮೊದಲು ಬಂದ್ರೆ, ಪ್ರಶ್ನೆ ಕೇಳೋ ಕೆಲಸ ನಮ್ಮದೇ.