ಆಕ್ಷೇಪಣೆ ಇದೆ, ಸ್ವಾಮಿ!

ಆಷಾಢದ ಮಳೆ ಹಿಡಿದ ಒಂದು ಮಧ್ಯಾಹ್ನ. ಶಿಕಾರಿಪುರದಿಂದ ಸೊರಬಕ್ಕೆ ಹೊರಟಿದ್ದ ಬಸ್ಸು ಶಿರಾಳಕೊಪ್ಪದ ನಿಲ್ದಾಣದಲ್ಲಿ ನಿಂತಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿ, ಒದ್ದೆ ಕೊಡೆಗಳನ್ನು ಕಾಲ ಬಳಿ ಇರಿಸಿಕೊಂಡು ಪ್ರಯಾಣಿಕರೆಲ್ಲರೂ ತೂಕಡಿಸುತ್ತಿದ್ದೆವು. ಅಷ್ಟರಲ್ಲಿ ನನ್ನ ಪಕ್ಕದಿಂದಲೇ “ಅಬ್ಜೆಕ್ಷನ್!” ಎಂಬ ಕೂಗು ಕೇಳಿಬಂತು. ಲೆಕ್ಕ ನೋಡುತ್ತಿದ್ದ ಕಂಡಕ್ಟರು ತಲೆಯೆತ್ತಿದರು. ಮುಂದಿನ ಸೀಟಿನ ವೃದ್ಧೆಯೊಬ್ಬರು ಮಡಿಲಿನ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡರು.

ಕೂಗಿದವಳು ನನ್ನ ತಮ್ಮನ ಮಗಳು. ಪದವಿ ತರಗತಿಯ ವಿದ್ಯಾರ್ಥಿನಿ; ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡು ಕುಳಿತಿದ್ದಳು.

“ಯಾರ ಮೇಲಮ್ಮ ನಿನ್ನ ಆಕ್ಷೇಪಣೆ?” ಎಂದು ಕೇಳಿದೆ.

“ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆ, ದೊಡ್ಡಪ್ಪ!” ಎಂದಳು, ಕಣ್ಣು ಎತ್ತದೆ.

ಹೀಗೆ ನನಗೆ ನ್ಯಾಯಾಲಯದ ಆಟದ ಪರಿಚಯವಾಯಿತು. ಸೊರಬವನ್ನು ಮುಟ್ಟುವುದರೊಳಗೆ ಅದರ ಅರ್ಧ ಇತಿಹಾಸವನ್ನೂ, ಆ ರಾತ್ರಿ ತಂಗಿಯ ಮನೆಯಲ್ಲಿ ಅದರ ಪರ ವಿರೋಧಗಳ ವಾದವನ್ನೂ ಕೇಳುವ ಯೋಗ ನನ್ನದಾಯಿತು.

ಆಟದ ಬಗೆ

ವಾಚಕರಲ್ಲಿ ಕೆಲವರಿಗೆ, ವಿಶೇಷವಾಗಿ ಅವರ ಮನೆಯ ಮಕ್ಕಳಿಗೆ, ಈ ಆಟ ಪರಿಚಿತವಿದ್ದೀತು. ಇಲ್ಲದವರಿಗಾಗಿ ಎರಡು ಮಾತು. ಈ ಬಗೆಯ ಆಟಗಳಲ್ಲಿ ಹೆಸರಾದದ್ದು ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 2001ರ ಅಕ್ಟೋಬರಿನಲ್ಲಿ ಹೊರತಂದ ‘ಗ್ಯಾಕುಟೆನ್ ಸೈಬಾನ್’. ‘ತಲೆಕೆಳಗಾದ ವಿಚಾರಣೆ’ ಎಂದು ಆ ಹೆಸರಿಗೆ ಅರ್ಥ ಹೇಳಬಹುದು. ಶೂ ಟಕುಮಿ ಎಂಬವರು ಅದರ ನಿರ್ದೇಶಕರು. 2005ರಲ್ಲಿ ಇಂಗ್ಲಿಷಿಗೆ ಬಂದಾಗ ಅದಕ್ಕೆ ‘ಏಸ್ ಅಟಾರ್ನಿ’ ಎಂದು ನಾಮಕರಣವಾಯಿತು. ಮೊದಲು ಅಂಗೈಯಗಲದ ಆಟದ ಯಂತ್ರದಲ್ಲಿದ್ದುದು ಈಗ ಮೊಬೈಲಿನಲ್ಲಿಯೂ ದೊರೆಯುತ್ತದೆ.

ಇದರಲ್ಲಿ ಓಡುವುದಿಲ್ಲ, ಹಾರುವುದಿಲ್ಲ, ಗುಂಡು ಹಾರಿಸುವುದಿಲ್ಲ. ಆಡುವವನು ಫೀನಿಕ್ಸ್ ರೈಟ್ ಎಂಬ ಎಳೆಯ ವಕೀಲನಾಗುತ್ತಾನೆ. ಕೊಲೆಯ ಆರೋಪ ಹೊತ್ತ ಕಕ್ಷಿದಾರನೊಬ್ಬ, ಅವನಿಗೆ ಶಿಕ್ಷೆಯಾಗಲೇಬೇಕೆಂದು ಹಟ ತೊಟ್ಟ ಸರ್ಕಾರಿ ವಕೀಲನೊಬ್ಬ, ಗಡ್ಡದ ನ್ಯಾಯಾಧೀಶರೊಬ್ಬರು. ಸಾಕ್ಷಿ ಬಂದು ಹೇಳಿಕೆ ಕೊಡುತ್ತಾನೆ. ಆ ಹೇಳಿಕೆಯನ್ನು ವಾಕ್ಯ ವಾಕ್ಯವಾಗಿ ಕೇಳುತ್ತ, ಸಂಶಯ ಬಂದಲ್ಲಿ ತಡೆದು ಪ್ರಶ್ನಿಸುತ್ತ, ಯಾವ ಮಾತು ಯಾವ ದಾಖಲೆಗೆ ವಿರುದ್ಧವಾಗಿದೆಯೋ ಅಲ್ಲಿ ಆ ದಾಖಲೆಯನ್ನು ಮುಂದಿಟ್ಟು “ಆಕ್ಷೇಪಣೆ!” ಎನ್ನಬೇಕು. ನಮ್ಮ ಕೋರ್ಟುಗಳ ಭಾಷೆಯಲ್ಲಿ ಹೇಳುವುದಾದರೆ, ಆಟವೆಲ್ಲ ಬರೀ ಪಾಟೀಸವಾಲು! ತಪ್ಪು ದಾಖಲೆ ತೋರಿಸಿದರೆ ದಂಡ. ತಪ್ಪುಗಳು ಮಿತಿಮೀರಿದರೆ ಕಕ್ಷಿದಾರನು ಅಪರಾಧಿಯೆಂದು ತೀರ್ಪು.

ವಿಚಾರಣೆಗೆ ಅಲ್ಲಿ ಮೂರೇ ದಿನಗಳ ಗಡುವು. ಇದನ್ನು ಕೇಳಿದರೆ ನಮ್ಮ ಕಕ್ಷಿದಾರರು ಜಪಾನಿಗೇ ಹೊರಟಾರು! ಆದರೆ ಆ ದೇಶದಲ್ಲಿ ನಿಜವಾಗಿ ಕ್ರಿಮಿನಲ್ ಮೊಕದ್ದಮೆಗೆ ಸಿಕ್ಕಿಕೊಂಡವರಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಗುತ್ತದೆ. ಗೆಲ್ಲುವ ಭರವಸೆಯಿರುವ ಪ್ರಕರಣಗಳನ್ನು ಮಾತ್ರ ಅಲ್ಲಿನ ಸರ್ಕಾರಿ ವಕೀಲರು ಮುಂದಿಡುತ್ತಾರೆಂಬುದು ಅದಕ್ಕೆ ಒಂದು ಕಾರಣ. ಸೋಲೇ ನಿಯಮವಾದ ಕಡೆ ಒಬ್ಬ ವಕೀಲ ಗೆಲ್ಲುವ ಕಥೆ ರುಚಿಸುವುದು ಸಹಜ.

ಸೊರಬದ ಜಗುಲಿಯಲ್ಲಿ

ತಂಗಿಯ ಮಗನೂ ಈ ಆಟವನ್ನು ಆಡಿ ಮುಗಿಸಿದವನೇ. ಆದರೆ ಅವನ ಅಭಿಪ್ರಾಯ ಬೇರೆ. ಕಾಫಿಯ ಲೋಟ ಕೈಗೆ ಬರುವಷ್ಟರಲ್ಲಿ ಇಬ್ಬರೂ ಜಗುಲಿಯ ಎರಡು ಕಂಬಗಳಿಗೆ ಒರಗಿ ವಾದಿ ಪ್ರತಿವಾದಿಗಳಾದರು.

“ಇದನ್ನು ಆಟವೆನ್ನಬಹುದೆ? ಹತ್ತು ಪುಟ ಓದು, ಒಂದು ಗುಂಡಿ ಒತ್ತು. ಇದಕ್ಕಿಂತ ಕಾದಂಬರಿ ಓದಬಹುದಲ್ಲ!” ಎಂದು ಹುಡುಗ ಆರಂಭಿಸಿದ. “ಉತ್ತರವೂ ಒಂದೇ. ಸುಳ್ಳು ನನಗೆ ಮೊದಲೇ ಹೊಳೆದಿರುತ್ತದೆ. ಸರಿಯಾದ ದಾಖಲೆಯನ್ನೇ ಒಂದು ವಾಕ್ಯ ಮುಂಚೆ ತೋರಿಸಿದೆನೆಂದು ದಂಡ ಹಾಕುತ್ತಾರೆ. ಇದು ಯಾವ ನ್ಯಾಯ?”

“ಕೋರ್ಟಿನಲ್ಲಿ ಹೊಳೆದರೆ ಸಾಲದು, ಯಾವ ಮಾತಿಗೆ ಯಾವ ದಾಖಲೆ ಎಂದು ತೋರಿಸಬೇಕು,” ಎಂದಳು ಇವಳು. “ಉಳಿದ ಆಟಗಳಲ್ಲಿ ಹೆಬ್ಬೆರಳು ಚುರುಕಾಗಿದ್ದರೆ ಗೆಲುವು. ಇಲ್ಲಿ ಕಿವಿ ಚುರುಕಾಗಿರಬೇಕು.”

“ಮೊದಲನೆಯ ಮೊಕದ್ದಮೆಯಲ್ಲಿ ಕೊಲೆಗಾರ ಯಾರೆಂದು ಆರಂಭದಲ್ಲಿಯೇ ತೋರಿಸಿಬಿಡುತ್ತಾರೆ. ಇನ್ನೇನು ಕುತೂಹಲ ಉಳಿಯಿತು?”

ಇಷ್ಟು ಹೊತ್ತು ಮಣೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ ತಂಗಿಯ ಮಾವನವರು ಈಗ ತಲೆಯೆತ್ತಿದರು. ಎಂಬತ್ತರ ಸಮೀಪದ ಹಿರಿಯರು. ತಾಳಮದ್ದಳೆಯೆಂದರೆ ಅವರಿಗೆ ಪ್ರಾಣ. ಮಳೆಗಾಲದ ರಾತ್ರಿಗಳಲ್ಲಿ ಸೊರಬ ಸಾಗರಗಳ ಹಳ್ಳಿಗಳಲ್ಲಿ ಎಲ್ಲಿ ಕೂಟ ನಡೆದರೂ ಕಂಬಳಿ ಹೊದ್ದು ಹೋಗಿ ಮುಂದಿನ ಸಾಲಿನಲ್ಲಿ ಕುಳಿತವರು.

“ತಮ್ಮಾ, ವಾಲಿಯನ್ನು ಕೊಂದವರು ಯಾರು ಎಂಬುದು ಯಾರಿಗೆ ಗೊತ್ತಿಲ್ಲ?” ಎಂದರು. “ಆದರೂ ಬೆಳಗಿನ ತನಕ ಕುಳಿತು ಕೇಳುತ್ತೇವಲ್ಲ, ಏಕೆ?”

ಪ್ರಶ್ನೆ ಸಾಮಾನ್ಯವಾದುದಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರಾಗಿ ಕುಳಿತು, ಬರೆದಿಟ್ಟುಕೊಳ್ಳದ ಮಾತುಗಳಲ್ಲಿ ಅದನ್ನು ಬೆಳೆಸುತ್ತಾರೆ. ‘ವಾಲಿವಧೆ’ಯಲ್ಲಿ ಬಾಣ ತಗುಲಿ ಬಿದ್ದ ವಾಲಿಯೇ ಫಿರ್ಯಾದಿ, ಸಾಕ್ಷಾತ್ ಶ್ರೀರಾಮನೇ ಆರೋಪಿ. ಬೇರೊಬ್ಬನೊಡನೆ ಕಾದುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ಅವನು ಕೇಳುತ್ತಾನೆ. ತಮ್ಮನ ಹೆಂಡತಿಯನ್ನು ಅಪಹರಿಸಿದವನಿಗೆ ದಂಡನೆಯೇ ಧರ್ಮವೆಂದು ಇವನು ಉತ್ತರಿಸುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಮಾತಿಗೆ ತೊಡಗಿದರೆ ರಾಮನ ಪಕ್ಷದವರಿಗೂ ಒಂದು ಗಳಿಗೆ ಮನಸ್ಸು ಅಲುಗಾಡುತ್ತಿತ್ತೆಂದು ಕೇಳಿದವರು ಇಂದಿಗೂ ನೆನೆಯುತ್ತಾರೆ. ಸಂಗತಿಯಲ್ಲಿ ವಿವಾದವಿಲ್ಲ, ವಿವಾದವಿರುವುದು ನ್ಯಾಯದಲ್ಲಿ.

ಆಟಕ್ಕೂ ಕೂಟಕ್ಕೂ ಇರುವ ಭೇದ ಇಲ್ಲಿದೆ. ಜಪಾನಿನ ಆಟದಲ್ಲಿ ಪ್ರಶ್ನೆ ‘ನಡೆದದ್ದೇನು’ ಎಂಬುದು. ನಮ್ಮ ಕೂಟದಲ್ಲಿ ‘ನಡೆದದ್ದು ಸರಿಯೆ’ ಎಂಬುದು. ನಿಜವಾದ ನ್ಯಾಯಾಲಯಕ್ಕೆ ಎರಡೂ ಬೇಕು.

ವಾದದ ನೆಲ

ಈ ಸೀಮೆಯ ಜನಕ್ಕೆ ವಾದದ ರುಚಿ ಹೊಸದಲ್ಲ. ನಮ್ಮ ಬಸ್ಸು ನಿಂತಿದ್ದ ಶಿರಾಳಕೊಪ್ಪದ ಪಕ್ಕದಲ್ಲಿಯೇ ಬಳ್ಳಿಗಾವೆಯಿದೆ. ಅಲ್ಲಿಯ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ನ್ಯಾಯ, ಮೀಮಾಂಸೆಗಳೊಡನೆ ಬೌದ್ಧದರ್ಶನವನ್ನೂ ಓದಿಸುತ್ತಿದ್ದರೆಂದು 1162ರ ಶಾಸನ ತಿಳಿಸುತ್ತದೆ; ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದರೆಂದೂ ಹೇಳುತ್ತದೆ. ಅದಕ್ಕೂ ಮುಂಚೆ ಹನ್ನೊಂದನೆಯ ಶತಮಾನದಲ್ಲಿ, ಚಾಲುಕ್ಯರ ಕಾಲದ ಲಕುಲೀಶ್ವರ ಪಂಡಿತರಿಗೆ ‘ವಾದಿರುದ್ರಗಣ’ ಎಂಬ ಬಿರುದು ಇದ್ದುದನ್ನು ಅಲ್ಲಿಯ ಶಾಸನದಲ್ಲಿ ಕಾಣುತ್ತೇವೆ. ಅಂದು ಪಂಡಿತಸಭೆಯಲ್ಲಿದ್ದ ‘ವಾದಿ’, ‘ಪ್ರತಿವಾದಿ’ಗಳೇ ಇಂದು ಸೊರಬ ಶಿಕಾರಿಪುರಗಳ ಕೋರ್ಟಿನ ಕಾಗದಗಳಲ್ಲಿಯೂ ಕುಳಿತಿದ್ದಾರೆ.

ವಾದದಲ್ಲಿಯೂ ಮೂರು ಬಗೆಯೆಂದು ನ್ಯಾಯಶಾಸ್ತ್ರ ವಿಂಗಡಿಸಿದೆ. ಸತ್ಯವನ್ನು ಕಾಣಬೇಕೆಂದು ಮಾಡುವುದು ವಾದ; ಗೆಲ್ಲಬೇಕೆಂದು ಮಾಡುವುದು ಜಲ್ಪ; ತನ್ನದೇನನ್ನೂ ಹೇಳದೆ ಎದುರಿನವನನ್ನು ಬರಿದೆ ಖಂಡಿಸುವುದು ವಿತಂಡ. ಈ ಆಟದ ಕೂಗಾಟ, ಮೇಜು ಕುಟ್ಟುವುದು, ಬೆರಳು ಚಾಚುವುದು, ಸಿಕ್ಕಿಬಿದ್ದ ಸಾಕ್ಷಿ ತನ್ನ ಕೃತಕ ಕೂದಲನ್ನೇ ಕಿತ್ತು ಎಸೆಯುವುದು, ಇವೆಲ್ಲ ನೋಡುವುದಕ್ಕೆ ಜಲ್ಪದಂತಿವೆ. ಆದರೆ ಸತ್ಯವನ್ನು ಮುಟ್ಟದೆ ಅಲ್ಲಿ ಗೆಲುವಿಲ್ಲ. ಹೀಗಾಗಿ ಒಳಗೆ ಅದು ವಾದವೇ.

ಕರೆಂಟು ಹೋದಾಗ

ನಾನು ಈ ವಿಂಗಡಣೆಯನ್ನು ಮನಸ್ಸಿನಲ್ಲಿಯೇ ಮಾಡಿಕೊಂಡು ಸಂತೋಷಪಡುತ್ತಿರುವಾಗ ಮಳೆಗಾಲದ ಪದ್ಧತಿಯಂತೆ ಕರೆಂಟು ಹೋಯಿತು. ಕತ್ತಲಲ್ಲಿ ಹುಡುಗಿ ಮೊದಲನೆಯ ಮೊಕದ್ದಮೆಯ ಕಥೆಯನ್ನು ಅಜ್ಜನಿಗೆ ಕನ್ನಡದಲ್ಲಿ ಬಿಡಿಸಿ ಹೇಳತೊಡಗಿದಳು.

“ಒಬ್ಬ ಹೆಂಗಸಿನ ಕೊಲೆಯಾಗಿದೆ, ಅಜ್ಜ. ಸಂಜೆ ನಾಲ್ಕರಿಂದ ಐದರೊಳಗೆ ಸತ್ತಳೆಂದು ವೈದ್ಯರ ವರದಿ. ಶವವನ್ನು ಮಧ್ಯಾಹ್ನ ಒಂದು ಗಂಟೆಗೇ ಕಂಡೆನೆಂದು ಸಾಕ್ಷಿ ಹೇಳುತ್ತಾನೆ. ಇದು ಹೇಗೆಂದು ಕೇಳಿದರೆ, ಆ ಮನೆಯ ಟಿ.ವಿ.ಯಲ್ಲಿ ಹೊತ್ತು ಹೇಳಿದ್ದು ಕೇಳಿಸಿತು, ಅದರಿಂದ ತಪ್ಪಾಗಿರಬೇಕು, ಎನ್ನುತ್ತಾನೆ. ಇನ್ನೊಂದು ಕಾಗದವಿದೆ: ಆ ದಿನ ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರರವರೆಗೆ ಆ ಕಟ್ಟಡದಲ್ಲಿ...”

“ಕರೆಂಟು ಇರಲಿಲ್ಲ!” ಎಂದರು ಹಿರಿಯರು, ತೊಡೆ ತಟ್ಟಿ. “ಕರೆಂಟೇ ಇಲ್ಲದ ಮೇಲೆ ಟಿ.ವಿ. ಹೇಗೆ ಮಾತನಾಡೀತು? ಆಕ್ಷೇಪಣೆ ಇದೆ, ಸ್ವಾಮಿ!”

ಮಲೆನಾಡಿನವರಿಗೆ ಆ ಸುಳ್ಳು ಹಿಡಿಯುವುದು ಎಷ್ಟರ ಕೆಲಸ! ಎಲ್ಲರೂ ನಕ್ಕೆವು. ಹುಡುಗನೂ ನಕ್ಕು, “ಅಜ್ಜನಿಗೂ ಹಿಡಿಸಿತು ನೋಡಿ,” ಎಂದ.

ಅಜ್ಜನ ಮೊಕದ್ದಮೆ

ನಗು ನಿಂತ ಮೇಲೆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಚೆನ್ನಾಗಿದೆ, ಪುಟ್ಟಿ. ಆದರೆ ನಿನ್ನ ಆಟದಲ್ಲಿ ಎಲ್ಲದಕ್ಕೂ ಕಾಗದವಿದೆ. ನನ್ನ ಹತ್ತಿರ ಕಾಗದವೇ ಇರಲಿಲ್ಲ,” ಎಂದರು.

ಎಳೆಯರಿಗಾಗಿ ಇಲ್ಲಿ ತುಸು ಹಿನ್ನೆಲೆ ಹೇಳಬೇಕು. ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ ಹುಟ್ಟಿದ ಜಗಳ 1951ರಲ್ಲಿ ನೆರೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ ರೈತರ ಸತ್ಯಾಗ್ರಹವಾಯಿತು. ಮುಂದೆ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಭೂಸುಧಾರಣಾ ಕಾನೂನಿಗೆ ತಿದ್ದುಪಡಿ ಬಂದು, 1974ರ ಮಾರ್ಚ್ 1ರಂದು ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿದವು. ಉಳುವ ಗೇಣಿದಾರ 7ನೆಯ ನಮೂನೆಯಲ್ಲಿ ಅರ್ಜಿ ಹಾಕಿ, ತಾನೇ ಉಳುತ್ತಿದ್ದೆನೆಂದು ಭೂನ್ಯಾಯ ಮಂಡಳಿಯ ಮುಂದೆ ತೋರಿಸಿಕೊಡಬೇಕಾಗಿತ್ತು. ಬಡವನೆದುರು ಧನಿಕನ ವಕೀಲರು ನಿಲ್ಲಬಾರದೆಂದು ಮಂಡಳಿಯಲ್ಲಿ ವಕೀಲರಿಗೇ ಪ್ರವೇಶವಿಲ್ಲವೆಂದು ಕಾನೂನು ಮಾಡಿದ್ದರು. ಆ ನಿಷೇಧವನ್ನು ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 1987ರಲ್ಲಿ. ಅಲ್ಲಿಯತನಕ ಗೇಣಿದಾರನಿಗೆ ಅವನ ಬಾಯೇ ವಕೀಲ.

“ಅಪ್ಪಯ್ಯನ ಕಾಲದಿಂದ ಆ ಗದ್ದೆ ಉಳುತ್ತಿದ್ದೆವು,” ಎಂದು ಹಿರಿಯರು ಮುಂದುವರಿಸಿದರು. “ಭತ್ತ ಅಳೆದು ಕೊಟ್ಟದ್ದಕ್ಕೆ ಒಂದು ವರ್ಷವೂ ರಸೀದಿ ಕೇಳಿದವರಲ್ಲ, ಕೊಟ್ಟವರೂ ಅಲ್ಲ. ಪಹಣಿಯಲ್ಲಿ ಒಡೆಯರದೇ ಸ್ವಂತ ಬೇಸಾಯ ಎಂದಿತ್ತು. ಕಾಗದವೆಲ್ಲ ಅವರ ಕಡೆ. ನನ್ನ ಕಡೆ ಇದ್ದವನು ಬದುವಿನಾಚೆಯ ಗದ್ದೆಯ ಒಬ್ಬ ಮನುಷ್ಯ. ಅವನಿಗೂ ಒಡೆಯರಲ್ಲಿ ಸಾಲವಿತ್ತು. ಮಗಳ ಮದುವೆ ನಿಶ್ಚಯವಾಗಿತ್ತು. ‘ಬರುತ್ತೇನೆ’ ಎನ್ನಲಿಲ್ಲ, ‘ಬರುವುದಿಲ್ಲ’ ಎನ್ನಲೂ ಇಲ್ಲ. ಆ ದಿನ ನೋಡಿದರೆ ಬಂದು ಬಾಗಿಲ ಬಳಿ ನಿಂತಿದ್ದ.”

“ಏನು ಹೇಳಿದರು, ಅಜ್ಜ?”

“ಒಡೆಯರ ಕಡೆಯವರು ಕೇಳಿದರು: ‘ನೀನು ನಮ್ಮ ಮನೆಯ ಅನ್ನ ಉಂಡವನಲ್ಲವೆ?’ ಅವನು ಹೇಳಿದ: ‘ಉಂಡಿದ್ದೇನೆ, ಸ್ವಾಮಿ. ಆ ಅನ್ನದ ಭತ್ತ ಬೆಳೆದವನು ಇವನು.’”

ಯಾರೂ ಮಾತನಾಡಲಿಲ್ಲ. ಹೆಂಚಿನ ಮೇಲೆ ಮಳೆಯ ಸದ್ದೊಂದೇ.

“ಗದ್ದೆ ನಮ್ಮದಾಯಿತು. ಒಡೆಯರು ಅವನ ಸಾಲ ಕೇಳಿದರು. ಅವನು ಜೋಡಿ ಎತ್ತು ಮಾರಿದ. ತಮ್ಮಾ, ಸುಳ್ಳು ಹೇಳುವವನನ್ನು ಹಿಡಿಯುವುದು ಸೊಗಸು, ಒಪ್ಪಿದೆ. ಆದರೆ ನಿಜ ಹೇಳುವವನಿಗೆ ಎಷ್ಟು ಖರ್ಚು ಬೀಳುತ್ತದೆಂಬುದು ಆಟದಲ್ಲಿ ಬರುವುದಿಲ್ಲವಲ್ಲ.”

ಯಾರು ಎದ್ದು ನಿಂತರು?

ಹುಡುಗ ತನ್ನ ಪಕ್ಷ ಗೆದ್ದಿತೆಂದು ಹಿಗ್ಗಬಹುದಾಗಿತ್ತು, ಹಿಗ್ಗಲಿಲ್ಲ. ಹುಡುಗಿಯೇ ಮೆಲ್ಲನೆ ಮಾತನಾಡಿದಳು.

“ಬರುತ್ತದೆ, ಅಜ್ಜ. ಆ ಫೀನಿಕ್ಸ್ ವಕೀಲನಾದದ್ದು ಏಕೆಂದು ಮುಂದೆ ಗೊತ್ತಾಗುತ್ತದೆ. ಚಿಕ್ಕವನಿದ್ದಾಗ ಶಾಲೆಯಲ್ಲಿ ಸಹಪಾಠಿಯೊಬ್ಬನ ಹಣ ಕಳುವಾಗುತ್ತದೆ. ಇವನೇ ಕದ್ದನೆಂದು ತರಗತಿಗೆ ತರಗತಿಯೇ ಕೂಗುತ್ತದೆ. ಉಪಾಧ್ಯಾಯರೂ ಹಾಗೆಯೇ ನಂಬುತ್ತಾರೆ. ಆಗ ಒಬ್ಬ ಹುಡುಗ ಎದ್ದು, ‘ಪುರಾವೆ ಎಲ್ಲಿದೆ?’ ಎಂದು ಕೇಳುತ್ತಾನೆ. ಯಾರು ಗೊತ್ತೆ? ಹಣ ಕಳೆದುಕೊಂಡವನೇ.”

ಹಿರಿಯರು ಎಲೆಯ ತಟ್ಟೆಯನ್ನು ಪಕ್ಕಕ್ಕಿಟ್ಟರು. “ಹಾಗಿದ್ದರೆ ಅದನ್ನು ಮಾಡಿದವನಿಗೆ ವಿಷಯ ಗೊತ್ತಿದೆ,” ಎಂದರು.

ಶಿಕಾರಿಪುರಕ್ಕೆ ಮರಳುವಾಗ ನಾನು ಈ ಮಾತನ್ನೇ ಯೋಚಿಸಿದೆ. ಕೋರ್ಟಿನ ಕಥೆಗಳಿಗೆ, ಕೂಟಗಳಿಗೆ, ಆಟಗಳಿಗೆ ನಾವು ಮನಸೋಲುವುದು ಬರಿಯ ಜಾಣ್ಮೆಗಾಗಿ ಎಂದುಕೊಂಡಿದ್ದೆ. ಜಾಣ್ಮೆಯ ಸೊಗಸು ಇದೆ, ಇಲ್ಲವೆನ್ನಲಾರೆ. ಆದರೆ ಊರೆಲ್ಲ ಒಂದು ಕಡೆಯಾದಾಗ ಒಂಟಿಯಾಗಿ ನಿಂತವನ ಪಕ್ಕಕ್ಕೆ ಯಾರೋ ಒಬ್ಬರು ಬಂದು ನಿಲ್ಲುತ್ತಾರೆಂಬ ಆಸೆ ಅದಕ್ಕಿಂತ ಹಳೆಯದು. ಆಟದಲ್ಲಿ ಅದು ಪ್ರತಿಸಲವೂ ಈಡೇರುತ್ತದೆ. ಬದುಕಿನಲ್ಲಿ ಎಲ್ಲೋ ಒಮ್ಮೆ. ಆ ಒಮ್ಮೆ ಈಡೇರಿದ್ದರಿಂದಲೇ ಸೊರಬದ ಆ ಮನೆಯಲ್ಲಿ ನಾವು ಅಂದು ರಾತ್ರಿ ಸ್ವಂತ ಗದ್ದೆಯ ಅಕ್ಕಿಯ ಅನ್ನ ಉಂಡೆವು.

ಬಸ್ಸು ಶಿರಾಳಕೊಪ್ಪದಲ್ಲಿ ಮತ್ತೆ ನಿಂತಿತು. ಹುಡುಗಿ ಮೊಬೈಲು ತೆಗೆದಳು. ಈ ಸಲ ಕೂಗಲಿಲ್ಲ. ಸಾಕ್ಷಿಯ ಹೇಳಿಕೆಯನ್ನು ಮೊದಲಿನಿಂದ ಇನ್ನೊಮ್ಮೆ ನಿಧಾನವಾಗಿ ಓದುತ್ತಿದ್ದಳು.